ಟಸಕ್ ಅಜ್ಜಿಯ ಕುರುಡುಗಣ್ಣು

ಕಾಹು ತನ್ನ ಚಿತ್ರ ಕದ್ದಿದ್ದಾಳೆ ಎಂದು ಲೇತುಗೆ ಹೊಳೆದದ್ದು ಶನಿವಾರ ಬೆಳಿಗ್ಗೆ, ಬಾಯಲ್ಲಿ ಪಾನಿಕೇಕೆ ಇದ್ದಾಗ. ಸೋದರತ್ತೆ ಲೂಪೆ ಆಗತಾನೇ ಎಣ್ಣೆಯಿಂದ ತೆಗೆದಿಟ್ಟಿದ್ದ ಬಿಸಿ ಉಂಡೆ ಅದು. ಲೇತು ಅಗಿಯುವುದನ್ನೇ ಮರೆತಳು.

ಕಂಪ್ಯೂಟರ್ ಪರದೆಯ ಮೇಲೆ ಟಸಕ್ ಅಜ್ಜಿ ಕೂತಿದ್ದಳು. ಮಗುಚಿ ಹಾಕಿದ ದೋಣಿಯ ಮೇಲೆ, ಒಂದು ಮೊಣಕಾಲು ಮೇಲಕ್ಕೆತ್ತಿ, ಕೈಯಲ್ಲಿ ಚಿಲುಮೆ ಹಿಡಿದು, ಒಂದು ಕಣ್ಣು ಬೆಳ್ಳಗೆ ಕುರುಡಾಗಿ, ಇನ್ನೊಂದರಲ್ಲಿ ಲೋಕವನ್ನೆಲ್ಲ ಬೈಯುತ್ತ. ಇದೇ ಅಜ್ಜಿಯನ್ನು, ಇದೇ ದೋಣಿಯ ಮೇಲೆ, ಇದೇ ಚಿಲುಮೆಯೊಡನೆ ಲೇತು ಕಳೆದ ಬೇಸಿಗೆಯಲ್ಲಿ ಬರೆದುಕೊಟ್ಟಿದ್ದಳು. ಆದರೆ ಇದು ಅವಳ ಚಿತ್ರವಲ್ಲ. ಅವಳ ಅಜ್ಜಿ ಬಲಕ್ಕೆ ನೋಡುತ್ತಿದ್ದಳು, ಈ ಅಜ್ಜಿ ಎಡಕ್ಕೆ. ಕೆಳಗಿನ ಮೂಲೆಯಲ್ಲಿ ಪುಟ್ಟ ಜರೀಗಿಡದ ಗುರುತಿತ್ತು. ಅದು ಕಾಹುವಿನ, ಅಂದರೆ ಕಾಹುರಂಗಿಯ, ರುಜು.

"ಮಗುಚಿ ಇಟ್ಟಿದ್ದಾಳೆ! ಅಯ್ಯೋ ಕಳ್ಳಿ, ಮಗುಚಿ ಇಟ್ಟಿದ್ದಾಳೆ!"

"ಏನನ್ನೇ ಮಗುಚಿದ್ದು? ಬಾಣಲೇನಾ?" ಅತ್ತೆ ಒಲೆ ಕಡೆಯಿಂದಲೇ ಕೇಳಿದಳು. "ತಿನ್ನುವಾಗ ಬಾಯ್ಮುಚ್ಕೊಂಡು ತಿನ್ನು. ಮೂವತ್ತನಾಲ್ಕಾಯ್ತು, ಇನ್ನೂ ಹೇಳಿಕೊಡ್ಬೇಕು."

ಚಿತ್ರ ಕದಿಯುವವರ ಹಳೇ ವರಸೆ ಇದು. ಕನ್ನಡಿಯಲ್ಲಿ ಕಂಡ ಹಾಗೆ ಎಡಬಲ ಮಗುಚಿಬಿಟ್ಟರೆ ಹುಡುಕುವ ಯಂತ್ರಕ್ಕೂ ಸುಲಭಕ್ಕೆ ಸಿಗುವುದಿಲ್ಲ, ನೋಡುವವರಿಗೂ ತಟ್ಟನೆ ಗುರುತು ಹತ್ತುವುದಿಲ್ಲ. ಲೇತು ಕೈಯೊರೆಸಿಕೊಂಡು ತನ್ನ ಚಿತ್ರ ತೆಗೆದಳು, ಮಗುಚಿದಳು, ತೆಳುವಾಗಿಸಿ ಕಾಹುವಿನ ಚಿತ್ರದ ಮೇಲೆ ಇಟ್ಟಳು. ಭುಜಕ್ಕೆ ಭುಜ ಕೂಡಿತು. ಮೊಣಕಾಲಿಗೆ ಮೊಣಕಾಲು ಕೂಡಿತು. ಚಿಲುಮೆಯಂತೂ ಅಳೆದಿಟ್ಟ ಹಾಗೆ ಕೂತಿತು. ಇನ್ನೇನು ಬೇಕು ಸಾಕ್ಷಿ? ಲೇತುವಿನ ಹೊಟ್ಟೆಯಲ್ಲಿ ಬೆಂಕಿ ಬಿತ್ತು.

ಬೇರೆ ಯಾರೋ ಕದ್ದಿದ್ದರೆ ಇಷ್ಟು ಉರಿಯುತ್ತಿರಲಿಲ್ಲ. ಲೇತು ವಾರದ ದಿನಗಳಲ್ಲಿ ವೆಲ್ಲಿಂಗ್ಟನ್ನಿನ ಹತ್ತಿರದ ಪೊರಿರುವಾದ ಒಂದು ವೃದ್ಧಾಶ್ರಮದಲ್ಲಿ ಅಡುಗೆ ಮಾಡುತ್ತಾಳೆ, ಉಳಿದ ಹೊತ್ತೆಲ್ಲ 'ಉಪ್ಪುಗಡಿ'ಯ ಜನರಿಗೆ ಚಿತ್ರ ಬರೆಯುತ್ತಾಳೆ. ಉಪ್ಪುಗಡಿ ಒಂದು ಆನ್‌ಲೈನ್ ಆಟ. ಅದನ್ನು ಆಡುವವರು ವರ್ಷಗಟ್ಟಲೆ ಒಂದೇ ಪಾತ್ರವನ್ನು ಮಕ್ಕಳ ಹಾಗೆ ಸಾಕುತ್ತಾರೆ. ಸಾಕಿದ ಮೇಲೆ ಅದನ್ನು ಒಬ್ಬ ಚಿತ್ರಗಾರರ ಕೈಯಲ್ಲಿ ಬರೆಸಿ ನೋಡುವ ಆಸೆ ಯಾರಿಗಿಲ್ಲ? ಅಂಥ ಚಿತ್ರಗಳೆಲ್ಲ ಸೇರುವ ಜಾಗಕ್ಕೆ ಚಿತ್ರಗೋಡೆ ಎಂದು ಹೆಸರು. ಅದಕ್ಕೆ ಇಬ್ಬರು ಕಾವಲುಗಾರರು. ಒಬ್ಬಳು ಲೇತು. ಇನ್ನೊಬ್ಬ ಹ್ಯಾಮಿಲ್ಟನ್ನಿನಲ್ಲಿದ್ದಾನೆ, ಲೇತು ಏನು ಹೇಳಿದರೂ ಹೂಂ ಎನ್ನುತ್ತಾನೆ.

ಕದ್ದವರ ಹೆಸರಿನ ಪಕ್ಕ ಕಾವಲುಗಾರರು ಕೆಂಪು ಚುಕ್ಕೆ ಇಡುತ್ತಾರೆ. ಒಮ್ಮೆ ಚುಕ್ಕೆ ಬಿತ್ತೋ, ಆ ಕೈಗೆ ಮತ್ತೆ ಯಾರೂ ಕೆಲಸ ಕೊಡುವುದಿಲ್ಲ. ಬರುವ ಜೂನ್‌ನಲ್ಲಿ ವೆಲ್ಲಿಂಗ್ಟನ್ನಿನಲ್ಲಿ ಆಟದವರ ಸಂತೆ ನಡೆಯಲಿತ್ತು. ಕೈಟಾಯದಂಥ ದೂರದ ಊರಿನ ಹತ್ತೊಂಬತ್ತರ ಹುಡುಗಿ ಕಾಹುಗೆ ಅಲ್ಲಿ ಮೊದಲ ಸಲ ಚಿತ್ರ ಮಾರಲು ಒಂದು ಮೇಜು ಸಿಕ್ಕಿತ್ತು. ಕೊಡಿಸಿದವಳೂ ಲೇತುವೇ. ಕಾಹುಗೆ ಬೆರಳು ಬರೆಯುವುದನ್ನು, ಬಟ್ಟೆಯ ಮಡಿಕೆ ಬರೆಯುವುದನ್ನು ಫೋನಿನಲ್ಲೇ ಕೂರಿಸಿಕೊಂಡು ಕಲಿಸಿದವಳೂ ಅವಳೇ. ಹಾಗಾಗಿಯೇ ಸಿಟ್ಟು ನೆತ್ತಿಗೇರಿದ್ದು. ಗುರುವಿಗೇ ತಿರುಮಂತ್ರ!

ಚುಕ್ಕೆ ಇಡುವ ಮುಂಚೆ ಆಪಾದನೆ ಹೊತ್ತವರ ಕರಡು ಕೇಳಬೇಕು ಎಂಬುದು ಗೋಡೆಯ ಕಟ್ಟಳೆ. ಸ್ವಂತ ಬರೆದವರ ಹತ್ತಿರ ಮೊದಲ ಗೀಚಾಟ, ಎರಡನೆಯ ಗೀಚಾಟ ಎಲ್ಲ ಇದ್ದೇ ಇರುತ್ತದೆ. ಕದ್ದವರ ಹತ್ತಿರ ಮುಗಿದ ಚಿತ್ರ ಮಾತ್ರ ಇರುತ್ತದೆ. ಲೇತು ಫೋನು ಹಚ್ಚಿದಳು.

"ಲೇತು ಅಕ್ಕಾ! ಮೇಜಿನ ಮೇಲೆ ಹಾಸೋಕೆ ಬಟ್ಟೆ ತಗೊಂಡೆ ಗೊತ್ತಾ, ನೀಲಿ..."

"ಬಟ್ಟೆ ಆಮೇಲೆ. ಟಸಕ್ ಅಜ್ಜೀನ ಬರ್ದಿದ್ದೀಯಲ್ಲ. ಅದರ ಕರಡು ಕಳಿಸು."

ಆ ಕಡೆ ಬಟ್ಟೆ ಮಡಚಿಡುವ ಸದ್ದಾಯಿತು.

"ಅದನ್ನ... ಎಲ್ಲಿ ನೋಡಿದ್ರಿ?"

"ಬೆವನ್ ತನ್ನ ಪುಟದಲ್ಲಿ ಹಾಕ್ಕೊಂಡಿದ್ದಾನೆ. ಯಾಕೆ, ನಾನು ನೋಡ್ಬಾರ್ದಿತ್ತಾ?"

"ಹಾಗಲ್ಲ ಅಕ್ಕ. ಕರಡು ಇದೆ. ಆದ್ರೆ ತೋರ್ಸೋಕಾಗಲ್ಲ."

"ಯಾಕಾಗಲ್ಲ?"

"ಬೆವನ್ ಯಾರಿಗೂ ತೋರಿಸಬೇಡ ಅಂದಿದ್ದಾರೆ. ಮಾತು ಕೊಟ್ಟಿದ್ದೀನಿ."

"ಕರಡಲ್ಲಿ ಅಂಥಾ ಗುಟ್ಟೇನಿರುತ್ತೆ ಕಣೇ? ಅಜ್ಜಿ ಏನು ಸ್ನಾನಕ್ಕೆ ಕೂತಿದ್ಳಾ?"

ಕಾಹು ನಗಲಿಲ್ಲ. "ನೀವು ಬೆವನ್ನ ಕೇಳಿ ಅಕ್ಕ. ದಯವಿಟ್ಟು. ನನ್ನ ಕೇಳಬೇಡಿ."

ಬೆವನ್ ಎಂದರೆ ದಕ್ಷಿಣ ತುದಿಯ ಗೋರ್ ಊರಿನವನು. ಉಣ್ಣೆ ಕತ್ತರಿಸುವ ತಂಡದ ಜೊತೆ ಊರೂರು ಸುತ್ತಿ ಉಣ್ಣೆಮೂಟೆ ಒತ್ತುವ ಅರವತ್ತರ ಗಂಡಸು. ಆಟದಲ್ಲಿ ಮಾತ್ರ ಅವನು ಟಸಕ್ ಅಜ್ಜಿ. ಒಂಬತ್ತು ವರ್ಷದಿಂದ ಅದೇ ಒಂದು ಪಾತ್ರ. ಮಾತು ಕಮ್ಮಿ, ಹೊಗಳಿಕೆ ಇನ್ನೂ ಕಮ್ಮಿ. ಅವನ ಬಾಯಲ್ಲಿ 'ಪರವಾಗಿಲ್ಲ' ಅಂದರೆ ಬೇರೆಯವರು ಶಿಳ್ಳೆ ಹೊಡೆದಷ್ಟು. ಲೇತುವಿನ ಚಿತ್ರಕ್ಕೂ ಅವನು 'ಪರವಾಗಿಲ್ಲ' ಎಂದೇ ಬರೆದಿದ್ದ. ಅವಳು ಅದನ್ನು ಅತ್ತೆಗೆ ಓದಿ ಹೇಳಿ ಕುಣಿದಿದ್ದಳು.

ಅವನು ಫೋನು ಎತ್ತಲಿಲ್ಲ. ಬಹಳ ಹೊತ್ತಿನ ಮೇಲೆ ಒಂದು ಸಂದೇಶ ಬಂತು. "ಅದನ್ನ ಬಿಟ್ಬಿಡು ಮಗಳೇ. ಅಂಥಾದ್ದೇನೂ ಇಲ್ಲ. ಗುಡ್ಡದ ಕೊಟ್ಟಿಗೇಲಿದ್ದೀನಿ, ಸಿಗ್ನಲ್ ಸರಿಯಿಲ್ಲ. ಸೋಮವಾರ ಇಳೀತೀನಿ."

ಅಷ್ಟೇ ಸಾಕಾಯಿತು. ಅನುಮಾನಕ್ಕೆ ಒಂದು ಎಳೆ ಸಿಕ್ಕರೆ ಸಾಕು, ಚಾಪೆಯನ್ನೇ ಹೆಣೆದುಬಿಡುತ್ತದೆ. ಲೇತು ಪಾತ್ರೆ ತೊಳೆಯುತ್ತ ಹೆಣೆದಳು, ಬಟ್ಟೆ ಒಣಗಿಹಾಕುತ್ತ ಹೆಣೆದಳು. ಬೆವನ್‌ಗೆ ಇನ್ನೊಂದು ಚಿತ್ರ ಬೇಕಾಗಿದೆ, ನನ್ನನ್ನು ಕೇಳಲು ಮನಸ್ಸಿಲ್ಲ. ನನ್ನ ಚಿತ್ರವನ್ನೇ ಹುಡುಗಿಯ ಕೈಗೆ ಕೊಟ್ಟು, 'ಹೀಗೇ ಒಂದು ಮಾಡಿಕೊಡು, ಲೇತುಗೆ ಹೇಳಬೇಡ' ಅಂದಿದ್ದಾನೆ. ಅವಳು ಮಗುಚಿ ಮೇಲೆ ಬಣ್ಣ ಬಳಿದಿದ್ದಾಳೆ. ಇಬ್ಬರೂ ಸೇರಿದ್ದಾರೆ. ಕರಡಿಲ್ಲ, ಅದಕ್ಕೇ ತೋರಿಸುವುದಿಲ್ಲ. ಹೋದ ತಿಂಗಳು ಕಾಹು, 'ಅಕ್ಕ, ಅಜ್ಜಿಯ ಉಣ್ಣೆಶಾಲಿನ ಮಡಿಕೆ ಹೇಗೆ ಬರ್ದ್ರಿ?' ಎಂದು ಕೇಳಿದ್ದೂ ಈಗ ನೆನಪಿಗೆ ಬಂತು. ಆಗ ಮುದ್ದು ಬಂದಿತ್ತು. ಈಗ ಅದೂ ಕಳ್ಳಬುದ್ಧಿಯಾಗಿ ಕಂಡಿತು. ಕಾಮಾಲೆ ಕಣ್ಣಿಗೆ ಕಂಡದ್ದೆಲ್ಲ ಹಳದಿ ಅನ್ನುವುದು ಸುಮ್ಮನೆ ಅಲ್ಲ.

"ಸೋಮವಾರ ಇಳೀತೀನಿ ಅಂದಿದ್ದಾನಲ್ಲ, ಅಲ್ಲೀತನಕ ತಡ್ಕೋ," ಅಂದಳು ಅತ್ತೆ, ವಿಷಯವೆಲ್ಲ ಕೇಳಿದ ಮೇಲೆ. "ಆ ಹುಡುಗಿ ದನಿ ನಂಗೂ ಗೊತ್ತು. ಕದಿಯೋ ದನಿ ಅಲ್ಲ ಅದು."

"ದನಿ ಕೇಳಿ ಕಳ್ಳರನ್ನ ಕಂಡುಹಿಡಿಯೋ ಹಾಗಿದ್ರೆ ಪೊಲೀಸ್ರು ಯಾಕತ್ತೆ?"

"ಕಣ್ಣಲ್ಲಿ ಕಂಡರೂ ಪರಾಂಬರಿಸಿ ನೋಡ್ಬೇಕು ಕಣೇ."

"ಪರಾಂಬರಿಸಿದ್ದೀನಿ. ಗೆರೆಗೆ ಗೆರೆ ಕೂಡಿದೆ."

ಭಾನುವಾರ ಚರ್ಚಿನಿಂದ ಬಂದವಳು ತಲೆಯ ಟೋಪಿಯನ್ನೂ ತೆಗೆಯದೆ ಕೂತು ಕೆಂಪು ಚುಕ್ಕೆ ಇಟ್ಟಳು. ತನ್ನ ಚಿತ್ರ, ಮಗುಚಿದ ಚಿತ್ರ, ಕಾಹುವಿನ ಚಿತ್ರ ಮೂರನ್ನೂ ಸಾಲಾಗಿ ಅಂಟಿಸಿ ಕೆಳಗೆ ಬರೆದಳು: 'ಕರಡು ಕೇಳಿದೆ. ತೋರಿಸಲಿಲ್ಲ.' ಹ್ಯಾಮಿಲ್ಟನ್ನಿನವನು ಹೂಂ ಅಂದ. ಆಮೇಲೆ ಮನೆಮಂದಿಯ ಜೊತೆ ಕೂತು ಊಟ ಮಾಡಿದಳು. ತೆಂಗಿನಹಾಲಿನ ಸೊಪ್ಪು ಅವತ್ತು ಬಲು ರುಚಿಯಾಗಿದೆ ಅನ್ನಿಸಿತು. ಅದನ್ನು ನೆನೆದರೆ ಅವಳಿಗೆ ಈಗಲೂ ಮೈ ಹಿಡಿಯಾಗುತ್ತದೆ.

ತಟ್ಟೆ ತೊಳೆದಿಡುವಷ್ಟರಲ್ಲಿ ಗೋಡೆಯ ತುಂಬ ಬೈಗುಳ. ಕಾಹುವಿನ ಮುಖ ಕಾಣದವರೂ ಬೈದರು. 'ಮೊದಲೇ ಅನುಮಾನವಿತ್ತು' ಎಂದರು ಕೆಲವರು. ಮೊದಲು ಅವರೇ ಹೊಗಳಿದ್ದರು. ಅವಳ ಹಳೆಯ ಚಿತ್ರಗಳನ್ನೆಲ್ಲ ಮಗುಚಿ ಮಗುಚಿ ನೋಡಿ, ಇದು ಅವರದು, ಅದು ಇವರದು ಎಂದು ಕಥೆ ಕಟ್ಟಿದರು. ಎತ್ತು ಈಯಿತು ಎಂದರೆ ಕೊಟ್ಟಿಗೆಗೆ ಕಟ್ಟು ಎನ್ನುವ ಜನಕ್ಕೆ ಎಲ್ಲಾದರೂ ಬರವೇ? ಸಂತೆಯವರು ಮೇಜು ವಾಪಸು ಪಡೆದರು. ಕಾಹು ಒಂದೇ ಒಂದು ಸಾಲು ಬರೆದಳು. 'ನಾನು ಕದ್ದಿಲ್ಲ. ಇದಕ್ಕಿಂತ ಹೆಚ್ಚು ಹೇಳೋಕಾಗಲ್ಲ.' ಆಮೇಲೆ ತನ್ನ ಅಂಗಡಿಯ ಪುಟವನ್ನೇ ಅಳಿಸಿಹಾಕಿದಳು.

"ನೋಡಿದ್ಯಾ ಅತ್ತೆ, ಓಡಿಹೋದ್ಳು," ಅಂದಳು ಲೇತು.

ಅತ್ತೆ ಕೋಕೋ ಕುದಿಸಲು ಹೋದಳು.

ಸೋಮವಾರ ಮಧ್ಯಾಹ್ನ ವೃದ್ಧಾಶ್ರಮದ ಹಿತ್ತಲಲ್ಲಿ ಲೇತು ಬಟಾಣಿ ಮೂಟೆ ಇಳಿಸಿಕೊಳ್ಳುತ್ತಿದ್ದಾಗ ಬೆವನ್ ಕರೆ ಮಾಡಿದ. ಎಂದೂ ದನಿ ಎತ್ತದ ಮನುಷ್ಯ. ಅವತ್ತೂ ಎತ್ತಲಿಲ್ಲ.

"ಏನು ಮಾಡ್ಬಿಟ್ಟೆ ಮಗಳೇ?"

"ನೀವಿಬ್ರೂ ಏನು ಮಾಡಿದ್ರಿ ಅದನ್ನ ಹೇಳಿ ಮೊದ್ಲು! ನನ್ನ ಚಿತ್ರಾನ ಅವಳ ಕೈಗೆ ಕೊಟ್ಟಿದ್ದು ನೀವೇ ತಾನೆ?"

"ನಿನ್ನ ಚಿತ್ರ ಕೊಡ್ಲಿಲ್ಲ. ನಿಂಗೆ ಕೊಟ್ಟಿದ್ನಲ್ಲ, ಆಟದ ಒಳಗೆ ಅಜ್ಜಿ ದೋಣಿ ಮೇಲೆ ಕೂತಿರೋ ಫೋಟೋ, ಅದನ್ನೇ ಕೊಟ್ಟೆ. ಇಬ್ರೂ ಅದನ್ನೇ ನೋಡಿ ಬರ್ದಿದ್ದೀರಿ."

"ಹಾಗಾದ್ರೆ ಅವಳದ್ದು ಯಾಕೆ ಮಗುಚಿದೆ?"

"ಅವಳದ್ದು ಮಗುಚಿಲ್ಲ ಮಗಳೇ. ಅಜ್ಜಿಗೆ ಕುರುಡಾಗಿರೋದು ಎಡಗಣ್ಣು."

ಲೇತು ಮೂಟೆಯ ಮೇಲೆ ಕೂತುಬಿಟ್ಟಳು.

"ನೀನು ಕಳಿಸಿದ್ದ ಕರಡಲ್ಲಿ ಸರಿಯಾಗೇ ಇತ್ತು. ಬಣ್ಣ ಹಾಕಿ ಕಳಿಸಿದ್ದು ನೋಡಿದ್ರೆ ಬಲಗಣ್ಣು ಕುರುಡು, ಚಿಲುಮೆ ಎಡಗೈಲಿ. ಆಟದಲ್ಲಿ ನಮ್ಮ ತಂಡದ ಹುಡುಗ್ರು 'ಯಾರಯ್ಯ ಇದು, ನಿಮ್ಮಜ್ಜಿ ತಂಗೀನಾ?' ಅಂತ ಆಡಿಕೊಂಡ್ರು. ಆ ಕಣ್ಣು ಹೋಗಿದ್ದು ನಾವೆಲ್ಲ ಒಟ್ಟಿಗಿದ್ದ ಕಾಳಗದಲ್ಲಿ. ಯಾವ ಕಣ್ಣು ಅನ್ನೋದು ಎಲ್ರಿಗೂ ಗೊತ್ತು."

"ಹೇಳೋಕೇನಾಗಿತ್ತು? ಕ್ಷಣದ ಕೆಲ್ಸ! ಮಗುಚಿ ಕೊಡ್ತಿದ್ದೆ!"

"ಎಷ್ಟು ಖುಷೀಲಿ ಕಳಿಸಿದ್ದೆ ನೀನು. ರಾತ್ರಿಯೆಲ್ಲ ಕೂತು ಮುಗಿಸಿದೆ, ನನ್ನ ಕೈಯಿಂದ ಇಷ್ಟು ಚೆನ್ನಾಗಿ ಬಂದಿದ್ದೇ ಇಲ್ಲ ಅಂತ ಬರ್ದಿದ್ದೆ. ಹೇಗೆ ಹೇಳ್ಲಿ? ತಂದಿಟ್ಟ ಊಟಾನ ಸರಿಯಿಲ್ಲ ಅಂತ ವಾಪಸ್ ಕಳ್ಸೋ ಜನ ಅಲ್ಲ ನಾವು. ಅದಕ್ಕೇ ಹುಡುಗಿ ಹತ್ರ ಹೊಸದಾಗಿ ಬರೆಸ್ದೆ. ಕರಡಿನ ಮೇಲೆ ನಾನೇ ಗೀಚಿದ್ದೆ, 'ಲೇತು ಬರೆದ ಹಾಗೆ ಬಲಗಣ್ಣು ಮಾಡ್ಬೇಡ' ಅಂತ. ಅದನ್ನ ನೀನು ನೋಡಿದ್ರೆ ನೊಂದ್ಕೋತೀಯ ಅಂತ ಮಾತು ತಗೊಂಡೆ. ಚಿತ್ರ ನನ್ನ ಪುಟದಲ್ಲಿ ಹಾಕಿದ್ರೆ ನಿನ್ನ ಕಣ್ಣಿಗೆ ಬೀಳುತ್ತೆ ಅನ್ನೋದು ಮಾತ್ರ ಹೊಳೀಲಿಲ್ಲ ನೋಡು, ಮುದಿತಲೆ."

ಸಂಜೆ ಮನೆಗೆ ಬಂದು ಲೇತು ಹಳೆಯ ಕಡತ ತೆರೆದಳು. ಬರೆಯುವವರು ನಡುನಡುವೆ ಚಿತ್ರವನ್ನು ಎಡಬಲ ಮಗುಚಿ ನೋಡುವುದುಂಟು. ಒಂದೇ ಚಿತ್ರವನ್ನು ಬಹಳ ಹೊತ್ತು ನೋಡುತ್ತ ಕೂತರೆ ಸೊಟ್ಟಗಿರುವುದೂ ನೆಟ್ಟಗೆ ಕಾಣುತ್ತದೆ. ಮಗುಚಿದರೆ ತಪ್ಪು ಎದ್ದು ಕಾಣುತ್ತದೆ. ಕಾಹುಗೂ ಅವಳು ಅದನ್ನೇ ಹೇಳಿಕೊಟ್ಟಿದ್ದಳು: ಮಗುಚು, ತಿದ್ದು, ಮರೆಯದೆ ಮತ್ತೆ ಮಗುಚು. ಕರಡಿನಲ್ಲಿ ಅಜ್ಜಿ ಎಡಕ್ಕೆ ನೋಡುತ್ತಿದ್ದಳು. ಬಣ್ಣ ಹಾಕುವ ನಡುವೆ ಎಲ್ಲೋ ಬಲಕ್ಕೆ ತಿರುಗಿದ್ದಳು. ತಿರುಗಿದವಳು ಹಾಗೇ ಉಳಿದುಬಿಟ್ಟಿದ್ದಳು.

ಯಾರದ್ದೋ ತಪ್ಪಾಗಿದ್ದರೆ ಎಷ್ಟು ಚೆನ್ನಾಗಿತ್ತು! ಲೇತು ಒಂದು ಗಳಿಗೆ ಹಾಗೂ ಯೋಚಿಸಿದಳು, ಬೆವನ್ ಬಾಯಿಬಿಟ್ಟಿದ್ದರೆ ಇದೆಲ್ಲ ಆಗುತ್ತಿತ್ತೇ ಎಂದು. ಆದರೆ ಬೆವನ್ ಚುಕ್ಕೆ ಇಟ್ಟಿರಲಿಲ್ಲ. ಸೋಮವಾರದವರೆಗೆ ತಡೆಯದವನು ಅವನಲ್ಲ. ಅವಳು ಕೆಂಪು ಚುಕ್ಕೆ ಅಳಿಸಿದಳು. ನಡೆದದ್ದನ್ನು ಒಂದೂ ಬಿಡದೆ ಬರೆದು ಗೋಡೆಯ ನೆತ್ತಿಯ ಮೇಲೆ ಹಾಕಿ, ಕಾವಲುಗಾರ್ತಿಯ ಕೆಲಸ ಬಿಟ್ಟೆ ಎಂದಳು. ಬೈದವರಲ್ಲಿ ಅರ್ಧ ಜನ ಸುಮ್ಮನಾದರು, ಇನ್ನರ್ಧ ಜನ ಅವಳನ್ನು ಬೈಯತೊಡಗಿದರು. ಸಂತೆಯವರಿಗೂ ಫೋನು ಮಾಡಿದಳು. ಮೇಜು ಬೇರೆಯವರಿಗೆ ಹೋಗಿತ್ತು. ಕಾಹುಗೆ ಮಾಡಿದ ಕರೆ ಸುಮ್ಮನೆ ಬಡಿದುಕೊಂಡಿತು.

"ಎತ್ತಲ್ಲ ಅತ್ತೆ. ಹತ್ತು ಸಲ ಮಾಡಿದೆ, ತಪ್ಪಾಯ್ತು ಅಂತ ಬರ್ದೂ ಬರ್ದೂ ಕಳಿಸ್ದೆ."

"ಊರಿನೆದ್ರು ಕಳ್ಳಿ ಅಂದು, ಫೋನೊಳಗೆ ತಪ್ಪಾಯ್ತು ಅಂದ್ರೆ ಸರಿಹೋಯ್ತಾ?" ಅತ್ತೆಯ ದನಿ ಗಡುಸಾಯಿತು. "ನಮ್ಮೂರಲ್ಲಾಗಿದ್ರೆ ಏನು ಮಾಡ್ತಿದ್ರು? ಹೇಳು."

ಲೇತುಗೆ ಗೊತ್ತಿತ್ತು. ಅವರ ಹಿರಿಯರ ನಾಡು ಸಮೋವಾದಲ್ಲಿ ಅದಕ್ಕೆ ಇಫೋಗ ಎನ್ನುತ್ತಾರೆ. ಅನ್ಯಾಯ ಮಾಡಿದವರು ಬೆಳಗಾಗುವಾಗ ನೊಂದವರ ಮನೆಮುಂದೆ ಹೋಗಿ, ತಲೆಯ ಮೇಲೆ ನಯವಾದ ಚಾಪೆ ಹೊದ್ದು, ಎಲ್ಲರೂ ನೋಡುವಂತೆ ನೆಲದ ಮೇಲೆ ಕೂರುತ್ತಾರೆ. ಒಳಗಿನವರು ಬಂದು ಚಾಪೆ ಎತ್ತಿದರೆ ಕ್ಷಮಿಸಿದ ಹಾಗೆ. ಎತ್ತದಿದ್ದರೆ ಕೂತೇ ಇರಬೇಕು. ಕಲ್ಲು ಬಿದ್ದರೂ ಏಳುವ ಹಾಗಿಲ್ಲ.

"ಕೈಟಾಯಕ್ಕೆ ಹೋಗಿ ಕೂರ್ಲಾ?"

"ನೀನವಳನ್ನ ಕೈಟಾಯದಲ್ಲಿ ಕಳ್ಳಿ ಅಂದ್ಯಾ? ಎಲ್ಲಿ ಅಂದ್ಯೋ ಅಲ್ಲಿ ಹೋಗಿ ಕೂತ್ಕೋ."

ಲೇತು ಆಟ ತೆರೆದಳು. ಉಪ್ಪುಗಡಿಯ ಪೇಟೆಬೀದಿಯಲ್ಲಿ ಕಾಹುವಿನ ಪಾತ್ರಕ್ಕೆ ಒಂದು ಪುಟ್ಟ ಗುಡಿಸಲಿತ್ತು. ಗೋಡೆಯಲ್ಲಿ ಬೈದವರೂ ಸೇರಿ ಎಲ್ಲರೂ ಕೊಳ್ಳಲು ಮಾರಲು ಓಡಾಡುವ ಬೀದಿ ಅದು. ಲೇತುವಿನ ಪಾತ್ರ ಒಬ್ಬ ಅಂಬಿಗಿತ್ತಿ; ಅವಳನ್ನು ನಡೆಸಿಕೊಂಡು ಹೋಗಿ ಆ ಬಾಗಿಲ ಮುಂದೆ ಕೂರಿಸಿದಳು. ಚಾಪೆ ಆಟದಲ್ಲಿರಲಿಲ್ಲ. ಮೀನುಗಾರರು ಮಳೆಗೆ ಹೊದೆಯುವ ಒಂದು ಗೋಣಿಚಾದರವಿತ್ತು. ಅದನ್ನೇ ತಲೆತುಂಬ ಹೊದಿಸಿದಳು.

ಜನ ನಿಂತು ನೋಡಿದರು. ಕೆಲವರು ಸುತ್ತ ಕುಣಿದರು, ಒಬ್ಬ ಮೀನು ಎಸೆದ. 'ಏನಕ್ಕಾ, ವ್ಯಾಪಾರ ಇಲ್ವಾ?' ಎಂದು ಯಾರೋ ಬರೆದರು. ಲೇತು ಉತ್ತರ ಕೊಡಲಿಲ್ಲ. ಅವಳು ಬೆಳಿಗ್ಗೆ ಕೆಲಸಕ್ಕೆ ಹೋದಾಗಲೂ ಯಂತ್ರ ಆರಿಸಲಿಲ್ಲ. ಆಟ ಹೊರಗೆ ತಳ್ಳದ ಹಾಗೆ ಆಗಾಗ ಒಂದು ಗುಂಡಿ ಒತ್ತುತ್ತಿರಲು ಅತ್ತೆಗೆ ಹೇಳಿಕೊಟ್ಟು ಹೋದಳು. ಅತ್ತೆ ಗೊಣಗುತ್ತಲೇ ಒತ್ತಿದಳು. ಟಸಕ್ ಅಜ್ಜಿಯೂ ಬಂದು ಸ್ವಲ್ಪ ದೂರದಲ್ಲಿ ನೆಲದ ಮೇಲೆ ಕೂತಳು.

ಬುಧವಾರ ಸಂಜೆ ಗುಡಿಸಲಿನ ಬಾಗಿಲು ತೆರೆಯಿತು. ಕಾಹುವಿನ ಪಾತ್ರ ಹೊರಗೆ ಬಂದು ಗೋಣಿಯ ಎದುರು ನಿಂತಿತು. ಅಕ್ಷರಗಳು ಒಂದೊಂದೇ ಮೂಡಿದವು.

'ಇದೇನಕ್ಕ ವೇಷ?'

ಲೇತು ಇಫೋಗದ ವಿಷಯ ಬರೆದಳು. ಚಾದರವನ್ನು ನೀನೇ ತೆಗೆಯಬೇಕು ಎಂದಳು. ಆಮೇಲೆ ತಡೆಯಲಾಗದೆ ಕೇಳಿದಳು. 'ಬೆವನ್‌ಗೆ ಕೊಟ್ಟ ಮಾತು ಹಾಳಾಗ್ಲಿ, ನಿನ್ನ ಹೆಸರು ಹೋಗ್ತಿದ್ದಾಗಲಾದ್ರೂ ಹೇಳ್ಬಾರ್ದಿತ್ತಾ? ನಿಮ್ಮದೇ ಮಗುಚಿದೆ ಅಕ್ಕ ಅಂತ ಒಂದು ಮಾತು?'

'ಹೇಳಿದ್ರೆ ನಂಬ್ತಿದ್ರಾ?'

ಲೇತು 'ನಂಬ್ತಿದ್ದೆ' ಎಂದು ಬರೆದಳು, ಅಳಿಸಿದಳು. ಅವತ್ತಿನ ತನ್ನ ಹೊಟ್ಟೆಯ ಬೆಂಕಿ ಅವಳಿಗೆ ನೆನಪಿತ್ತು. ಈ ಹುಡುಗಿ ಹಾಗೆ ಹೇಳಿದ್ದರೆ, ಕದ್ದದ್ದಲ್ಲದೆ ನನ್ನ ಮೇಲೇ ತಪ್ಪು ಹೊರಿಸುತ್ತಾಳೆ ಎಂದು ಇನ್ನೂ ನಾಲ್ಕು ಮಾತು ಸೇರಿಸಿ ಗೋಡೆಗೆ ಅಂಟಿಸುತ್ತಿದ್ದಳು.

'ಇಲ್ಲ,' ಎಂದು ಬರೆದಳು.

ಅತ್ತೆ ಬಂದು ಲೇತುವಿನ ಹಿಂದೆ ನಿಂತಳು.

'ನಂಗೂ ಹಾಗೇ ಅನ್ನಿಸಿತ್ತು. ಅದಕ್ಕೇ ಹೇಳ್ಲಿಲ್ಲ. ನನಗೆ ಚಿತ್ರ ಕಲಿಸಿದ್ದು ನೀವೊಬ್ರೇ ಅಕ್ಕ. ನೀವೇ ನಂಬದಿದ್ಮೇಲೆ ಬೇರೆಯವರಿಗೆ ಕರಡು ತೋರಿಸಿ ಏನು ಮಾಡ್ಲಿ?'

ಲೇತು ಅಳತೊಡಗಿದಳು.

'ಈ ಆಟದಲ್ಲಿ ನಿಮ್ಮ ಚಾದರ ನಾನು ತೆಗೆಯೋಕೆ ಬರಲ್ಲ,' ಎಂದು ಬರೆದಳು ಕಾಹು. 'ನೀವೇ ತೆಗೀಬೇಕು. ಆದ್ರೆ ಈಗ ತೆಗೀಬೇಡಿ. ಇವತ್ತು ನಂಗೆ ಮನಸ್ಸಿಲ್ಲ. ಮನಸ್ಸಾದ ದಿನ ಬಂದು ಹೇಳ್ತೀನಿ.'

ಬಾಗಿಲು ಮುಚ್ಚಿಕೊಂಡಿತು. ಅತ್ತೆ ಒಂದು ಕುರ್ಚಿ ಎಳೆದುಕೊಂಡು ಪಕ್ಕದಲ್ಲಿ ಕೂತಳು, ಮತ್ತು ಇಬ್ಬರೂ ಕಾದರು.